ಲ್ಯಾಟಿನ್ ಬರಹದಲ್ಲಿ ಪದಗಳ ನಡುವೆ ಮೊದಲು ಜಾಗ ಬಿಟ್ಟವರು ಯಾರು?

[ತೆರೆಯ ಮೇಲೆ: ಕೊಲೆಕ್ತಮೆಕ್ಸಿಲಿಯೊಪುಬೆಮ್]

ಇದನ್ನು ಓದೋಕೆ ಪ್ರಯತ್ನಿಸಿ. ವರ್ಜಿಲ್ ಬರೆದ ಲ್ಯಾಟಿನ್ ಮಹಾಕಾವ್ಯ ‘ಈನಿಯಡ್’ನ ಒಂದು ತುಣುಕು. ಹಳೆಯ ಪ್ರತಿಗಳಲ್ಲಿ ಪದಗಳು ಹೀಗೇ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು.

[ನಡುವಿನ ಅಕ್ಷರಗಳು ಕೆಂಪಾಗುತ್ತವೆ]

‘ಎಕ್ಸಿಲಿಯೊ’ ಅಂತ ಒಂದೇ ಪದವಾಗಿ ಓದಿದರೆ, ದೇಶಾಂತರ ಹೊರಡಲು ನೆರೆದ ಜನ. ‘ಎಕ್ಸ್ ಇಲಿಯೊ’ ಅಂತ ಒಡೆದರೆ, ಟ್ರಾಯ್ ನಗರದಿಂದ ಬಂದು ನೆರೆದ ಜನ. 4ನೇ ಶತಮಾನದ ದೊಡ್ಡ ವ್ಯಾಕರಣಕಾರ ಡೊನಾಟಸ್ ಇದನ್ನು ಒಡೆದು ಓದಿದ. ಅದು ಸರಿಯಲ್ಲ ಅಂತ ಆಮೇಲೆ ಬಂದ ಸರ್ವಿಯಸ್ ತಿದ್ದಿದ. ಅಂಥ ಪಂಡಿತರ ನಡುವೆಯೇ ಈ ಗೊಂದಲ!

ಹಾಗಂತ ರೋಮನ್ನರಿಗೆ ಪದ ಬಿಡಿಸಿ ಬರೆಯೋದು ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ.

[ದೃಶ್ಯ: ರೋಮ್‌ನ ಟ್ರಾಜನ್ ಸ್ತಂಭದ ಪೀಠ, ಕ್ರಿ.ಶ. 113]

ಹತ್ತಿರದಿಂದ ನೋಡಿ: ‘ಸೆನಾಟುಸ್’, ಆಮೇಲೊಂದು ಪುಟ್ಟ ತ್ರಿಕೋನದ ಚುಕ್ಕಿ, ಆಮೇಲೆ ‘ಪೊಪುಲುಸ್ಕ್ವೆ’. ಇದಕ್ಕೂ ಬಹಳ ಹಿಂದೆ, ಕ್ರಿ.ಪೂ. 9ನೇ ಶತಮಾನದಲ್ಲಿ, ಇಂದಿನ ಜೋರ್ಡಾನ್‌ನಲ್ಲಿದ್ದ ಮೋವಾಬ್ ರಾಜ್ಯದ ಅರಸ ಮೇಶನ ಶಾಸನದಲ್ಲೂ ಪದಗಳ ನಡುವೆ ಚುಕ್ಕಿಗಳಿವೆ. ಹಳೆಯ ಪರ್ಷಿಯನ್ ಲಿಪಿಯಲ್ಲಿ ಅದೇ ಕೆಲಸಕ್ಕೆ ಒಂದು ಓರೆ ಮೊಳೆಯಾಕಾರದ ಗುರುತು ಇತ್ತು. ಆ ಮೊಳೆಯಿಂದ ಪದಗಳ ಗಡಿ ಗೊತ್ತಾದ್ದರಿಂದಲೇ 1802ರಲ್ಲಿ ಜರ್ಮನ್ ವಿದ್ವಾಂಸ ಗ್ರೊಟೆಫೆಂಡ್ ಶಾಸನಗಳಲ್ಲಿ ಡೇರಿಯಸ್, ಕ್ಸೆರ್ಕ್ಸೆಸ್ ಅನ್ನೋ ಅರಸರ ಹೆಸರುಗಳನ್ನು ಪತ್ತೆ ಹಚ್ಚಲು ಸಾಧ್ಯವಾಯಿತು.

ಇಷ್ಟು ಒಳ್ಳೆಯ ಚುಕ್ಕಿಯನ್ನು ರೋಮನ್ನರು ಸುಮಾರು 2ನೇ ಶತಮಾನದಿಂದ ಕೈಬಿಡುತ್ತಾ ಬಂದರು. ಗ್ರೀಕ್ ಪುಸ್ತಕಗಳಲ್ಲಿ ಪದಗಳು ಎಡೆಯಿಲ್ಲದೆ ಸಾಗುತ್ತಿದ್ದವು, ಇವರೂ ಅದನ್ನೇ ಅನುಸರಿಸಿದರು. ಓದು ಆಗ ಬಹುಪಾಲು ಗಟ್ಟಿಯಾಗಿ, ಪಳಗಿದವರ ಬಾಯಲ್ಲಿ ನಡೆಯುತ್ತಿತ್ತು. ಭಾಷೆ ಬಲ್ಲವರಿಗೆ ಕಿವಿಯೇ ಪದಚ್ಛೇದ ಮಾಡಿಕೊಡುತ್ತೆ. ನಮ್ಮ ಹಲ್ಮಿಡಿ ಶಾಸನವನ್ನೋ ಓಲೆಗರಿಯನ್ನೋ ನೋಡಿ, ಅಲ್ಲೂ ಅಕ್ಷರಗಳು ಸಾಲಾಗಿ ಹರಿಯುತ್ತವೆ.

ಈ ಕಥೆಯಲ್ಲಿ ನನಗೆ ಅತಿ ಮುಖ್ಯ ಅನಿಸೋದು ಮುಂದಿನ ತಿರುವು.

[ನಕಾಶೆ: ಐರ್ಲೆಂಡ್]

ಅಲ್ಲಿನ ಕ್ರೈಸ್ತ ಸನ್ಯಾಸಿಗಳ ಮನೆಮಾತು ಐರಿಷ್. ಲ್ಯಾಟಿನ್ ಅವರ ಸುತ್ತಮುತ್ತ ಯಾರೂ ಆಡುವ ಮಾತಲ್ಲ, ವ್ಯಾಕರಣದ ಪುಸ್ತಕ ಹಿಡಿದು ಕಲಿತದ್ದು. ಕಿವಿಯ ನೆರವು ಇಲ್ಲದಾಗ ಕಣ್ಣಿಗೆ ನೆರವು ಬೇಕಾಯಿತು. 7-8ನೇ ಶತಮಾನದಲ್ಲಿ ಅವರು ಪ್ರತಿ ಮಾಡುವಾಗ ಪದಗಳ ನಡುವೆ ಖಾಲಿ ಜಾಗ ಬಿಡತೊಡಗಿದರು. ಅಂದರೆ, ಈ ಸೌಕರ್ಯ ಕೊಟ್ಟವರು ಆ ಭಾಷೆಯನ್ನು ಕಷ್ಟಪಟ್ಟು ಕಲಿತ ಹೊರಗಿನವರು!

ಪದ್ಧತಿ ಇಂಗ್ಲೆಂಡಿಗೆ ಬೇಗ ದಾಟಿತು. ಯುರೋಪಿನ ಉಳಿದೆಡೆ ನೆಲೆಯೂರಲು ಮಾತ್ರ 11-12ನೇ ಶತಮಾನದವರೆಗೆ ಕಾಯಬೇಕಾಯಿತು. ತಡವಾಗಿ ಒಪ್ಪಿಕೊಂಡ ನಾಡುಗಳಲ್ಲಿ ಲ್ಯಾಟಿನ್‌ನ ತವರು ಇಟಲಿಯೂ ಒಂದು.