ಘಾಟಿ ಹತ್ತುವ ಇಂಜಿನ್ನಿನ ಒಳಗೆ: ಫ್ಯೂಯಲ್ ಇಂಜೆಕ್ಷನ್ ಮತ್ತು ವಾಲ್ವ್ ಟೈಮಿಂಗ್

[ದೃಶ್ಯ: ಸೋಮೇಶ್ವರದ ಕಡೆಯಿಂದ ಆಗುಂಬೆ ಘಾಟಿ ಹತ್ತುತ್ತಿರುವ ಕಾರು]

ನಮಸ್ಕಾರ. ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿ ವೇಗವೆಲ್ಲ ತಗ್ಗಿ, ಎರಡನೇ ಗೇರಿಗೆ ಇಳಿದು ಮತ್ತೆ ಆಕ್ಸಲರೇಟರ್ ತುಳಿದಾಗ ಇಂಜಿನ್ ತಡವರಿಸದೆ ಎಳೆಯಬೇಕಾದರೆ, ಸಿಲಿಂಡರಿಗೆ ಹೋಗುವ ಪೆಟ್ರೋಲಿನ ಪ್ರಮಾಣವೂ ಗಾಳಿ ಒಳಬರುವ, ಹೊಗೆ ಹೊರಹೋಗುವ ಬಾಗಿಲುಗಳಾದ ವಾಲ್ವ್‌ಗಳು ತೆರೆದು ಮುಚ್ಚುವ ಗಳಿಗೆಯೂ ಸರಿಯಾಗಿರಬೇಕು.

ಮೊದಲು ಪ್ರಮಾಣದ ವಿಚಾರ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. 1983ರಲ್ಲಿ ಬಂದ ಮಾರುತಿ 800ರಲ್ಲಿ ಈ ಲೆಕ್ಕವನ್ನು ಕಾರ್ಬ್ಯುರೇಟರ್ ನೋಡಿಕೊಳ್ಳುತ್ತಿತ್ತು; ಅದರ ಕಿರಿದಾದ ಕೊರಳಿನಲ್ಲಿ ನುಗ್ಗುವ ಗಾಳಿಯೇ ಸಣ್ಣ ರಂಧ್ರದಿಂದ ಪೆಟ್ರೋಲನ್ನು ಸೆಳೆದುಕೊಳ್ಳುತ್ತಿತ್ತು. ಮಾಗಿಯ ಬೆಳಗಿನಲ್ಲಿ ಚೋಕ್ ಎಳೆದು, ಇಂಜಿನ್ ಬಿಸಿಯಾಗುವವರೆಗೆ ಅಂಗಳದಲ್ಲೇ ಕಾಯುತ್ತಿದ್ದುದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಐದನೇ ಒಂದು ಭಾಗ ಕಡಿಮೆ. ಆದರೆ ಕಾರ್ಬ್ಯುರೇಟರಿನ ರಂಧ್ರಕ್ಕೆ ಅದು ತಿಳಿಯುವುದಿಲ್ಲ. ಪೆಟ್ರೋಲ್ ಹೆಚ್ಚಾಗಿ, ಪಿಕಪ್ ಕುಗ್ಗುತ್ತದೆ.

[ದೃಶ್ಯ: ಗಾಜಿನ ನಳಿಕೆಯೊಳಗೆ ಮಂಜಿನಂತೆ ಸಿಂಪಡಿಸುವ ಇಂಜೆಕ್ಟರ್]

ಇಂಜೆಕ್ಷನ್ ವ್ಯವಸ್ಥೆಯಲ್ಲಿ ಗಾಳಿಯ ಒತ್ತಡ, ಉಷ್ಣತೆ ಮತ್ತು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಸೆನ್ಸರ್‌ಗಳು ಅಳೆಯುತ್ತವೆ. ಅದಕ್ಕೆ ತಕ್ಕಂತೆ ಇಸಿಯು ಎಂಬ ಇಂಜಿನ್ನಿನ ಪುಟ್ಟ ಕಂಪ್ಯೂಟರ್ ಇಂಜೆಕ್ಟರನ್ನು ಕೆಲವೇ ಮಿಲಿಸೆಕೆಂಡ್ ತೆರೆದಿಡುತ್ತದೆ. ಬೆಟ್ಟದ ಮೇಲೆ ಆ ಅವಧಿ ತಾನಾಗಿ ಕಡಿಮೆಯಾಗುತ್ತದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಇನ್ನೂ ನಿಖರವಾದದ್ದು. ಆದರೆ ಅದರಲ್ಲಿ ಒಳಗಾಳಿಯ ವಾಲ್ವ್‌ನ ಬೆನ್ನು ಪೆಟ್ರೋಲಿನಿಂದ ತೊಳೆದುಹೋಗುವುದಿಲ್ಲವಾದ್ದರಿಂದ, ಅಲ್ಲಿ ಕಾಲಕ್ರಮೇಣ ಮಸಿ ಕಟ್ಟುತ್ತದೆ.

ನನ್ನ ಮಟ್ಟಿಗೆ ಇದಕ್ಕಿಂತ ಸೋಜಿಗವಾದದ್ದು ವಾಲ್ವ್ ಟೈಮಿಂಗ್. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಅಡಿಕೆ ತೋಟದ ಕಾಲುವೆಗೆ ಮೇಲ್ಗಡೆ ಮಣ್ಣು ಹಾಕಿ ಕಟ್ಟಿದರೂ, ಅದಾಗಲೇ ಓಟ ಹಿಡಿದ ನೀರು ಮುಂದಕ್ಕೆ ಹರಿದೇ ತೀರುತ್ತದಲ್ಲವೇ? ಗಾಳಿಯ ಗುಣವೂ ಅದೇ. ವೇಗ ಹೆಚ್ಚಿದ್ದಾಗ, ಪಿಸ್ಟನ್ ಮೇಲೇಳತೊಡಗಿದ ಮೇಲೂ ಗಾಳಿ ಒಳಗೆ ನುಗ್ಗುತ್ತಲೇ ಇರುವುದರಿಂದ ವಾಲ್ವ್ ತಡವಾಗಿ ಮುಚ್ಚಿದರೆ ಲಾಭ. ಘಾಟಿಯ ತಿರುವಿನ ನಿಧಾನಗತಿಯಲ್ಲಿ ಹಾಗೆ ಮಾಡಿದರೆ, ಒಳಗೆ ಬಂದದ್ದನ್ನು ಪಿಸ್ಟನ್ ಹೊರಕ್ಕೇ ತಳ್ಳಿಬಿಡುತ್ತದೆ. ಹಳೆಯ ಇಂಜಿನ್‌ಗಳು ಇವೆರಡರ ನಡುವೆ ಎಲ್ಲೋ ಒಂದು ಕಡೆ ರಾಜಿಯಾಗಿದ್ದವು.

1980ರಲ್ಲಿ ಆಲ್ಫಾ ರೋಮಿಯೋ ತನ್ನ ಕಾರಿನಲ್ಲಿ ಈ ಗಳಿಗೆಯನ್ನು ಬದಲಿಸುವ ಏರ್ಪಾಡು ತಂದಿತು. 1989ರಲ್ಲಿ ಬಂದ ಹೋಂಡಾದ ವಿಟೆಕ್, ವಾಲ್ವ್ ಎಷ್ಟು ಮೇಲೇಳಬೇಕೆಂಬುದನ್ನೂ ಬದಲಿಸಿತು. ಇಂದಿನ ಸಾಮಾನ್ಯ ಕಾರುಗಳಲ್ಲಿ, ವಾಲ್ವ್‌ಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟಿನ ತುದಿಯಲ್ಲಿ ಒಂದು ಫೇಸರ್ ಇದ್ದು, ಇಂಜಿನ್ ಆಯಿಲ್ಲಿನ ಒತ್ತಡವೇ ಕ್ಯಾಮ್‌ಶಾಫ್ಟನ್ನು ಕೆಲವು ಡಿಗ್ರಿ ಹಿಂದೆಮುಂದೆ ತಿರುಗಿಸುತ್ತದೆ.

[ದೃಶ್ಯ: ಅಂಗೈ ಮೇಲೆ ಬೆರಳುದ್ದದ ಆಯಿಲ್ ಕಂಟ್ರೋಲ್ ವಾಲ್ವ್]

ಆ ಫೇಸರಿಗೆ ಹೋಗುವ ಆಯಿಲ್ಲನ್ನು ಹತೋಟಿಯಲ್ಲಿಡುವ ಪುಟ್ಟ ವಾಲ್ವ್ ಇದು. ಆಯಿಲ್ ಬದಲಿಸುವುದನ್ನು ನಾನೇ ಮುಂದೂಡುತ್ತ ಬಂದದ್ದರ ಫಲವನ್ನು ಇದು ಅನುಭವಿಸಿತು. ಚೆಕ್ ಇಂಜಿನ್ ದೀಪ ಹತ್ತಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಟಕಟ ಸದ್ದು ಬರತೊಡಗಿದ ಮೇಲೆ ಶಿವಮೊಗ್ಗದ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಈ ವಾಲ್ವ್ ಬಿಚ್ಚಿ, ಕೂದಲಿನಷ್ಟು ಸಣ್ಣ ಕಣ್ಣಿನ ಜಾಲರಿಯಲ್ಲಿ ಕಪ್ಪು ಜಿಡ್ಡು ಅಂಟಿರುವುದನ್ನು ತೋರಿಸಿ, "ಸಾರ್, ಪಾರ್ಟ್ ಚೆನ್ನಾಗೇ ಇದೆ, ಆಯಿಲ್ ಹಾಳಾಗಿದೆ ಅಷ್ಟೆ" ಎಂದರು. ಜಾಲರಿ ತೊಳೆದು, ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡಿನ ಆಯಿಲ್ ತುಂಬಿದ ಬಳಿಕ ಸದ್ದು ನಿಂತಿತು. ನಿಮ್ಮ ಕಾರಿನಲ್ಲಿ ಇಷ್ಟಾದ ಮೇಲೂ ಸದ್ದು ಉಳಿದರೆ, ಕ್ಯಾಮ್‌ಶಾಫ್ಟನ್ನು ತಿರುಗಿಸುವ ಟೈಮಿಂಗ್ ಚೈನ್ ಸಡಿಲಾಗಿರಬಹುದು. ಆಗ ಮುಂಭಾಗದ ಕವರ್ ಬಿಚ್ಚಿಯೇ ನೋಡಬೇಕಾಗುತ್ತದೆ.