ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ ಅಜ್ಜಿ?

ಕೇಳುಗರಿಗೆಲ್ಲ ನಮಸ್ಕಾರ.

ರೇಡಿಯೊ ಮುಂದೆ ಪಿಯುಸಿ ಮಕ್ಕಳ ಅಪ್ಪ ಅಮ್ಮಂದಿರು ಕೂತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ಡಾಕ್ಟರ್ ಆಗೋಕೆ ಏನು ಬೇಕು ಸಾರ್ ಅಂತ ನನ್ನನ್ನು ಕೇಳುವವರು ನೀವೇ. ಬಹಳ ವರ್ಷ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದ್ದೇನೆ. ನನ್ನ ಉತ್ತರ ಒಂದೇ. ರೋಗಿ ಹೇಳುವುದನ್ನು ಕೇಳಿಸಿಕೊಳ್ಳಲು ಬರಬೇಕು.

ನೀಟ್ ಪರೀಕ್ಷೆ ನಿಮಗೆ ಗೊತ್ತೇ ಇದೆ. 3 ಗಂಟೆ, 180 ಪ್ರಶ್ನೆ, 720 ಅಂಕ. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ಅಷ್ಟು ಪ್ರಶ್ನೆಗಳಲ್ಲಿ ಒಂದಾದರೂ ಈ ಮಗು ಇನ್ನೊಬ್ಬರ ಮಾತು ಕೇಳುತ್ತದಾ ಅಂತ ನೋಡುವುದಿಲ್ಲ. ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸು ಅನ್ನುತ್ತದೆ. ರೋಗಿ ನಾಲ್ಕು ಉತ್ತರ ಹಿಡಿದುಕೊಂಡು ಬರುವುದಿಲ್ಲ, ಅಲ್ವಾ?

ಒಂದು ಘಟನೆ ಹೇಳುತ್ತೇನೆ. ವಾರ್ಡಿನಲ್ಲಿ ಒಬ್ಬ ಹುಡುಗನಿಗೆ ಒಬ್ಬರು ಅಜ್ಜಿಯನ್ನು ತೋರಿಸಿ, 'ಮಾತಾಡಿಸಿ ಕೇಸ್ ಬರ್ಕೊಂಡು ಬಾ' ಅಂದೆ. ಒಳ್ಳೆಯ ರ‍್ಯಾಂಕ್ ತೆಗೆದು ಬಂದವನು, ತುಂಬಾ ಚುರುಕು. ಹತ್ತೇ ನಿಮಿಷದಲ್ಲಿ ಬಂದ. ಅಜ್ಜಿಗೆ ಸುಸ್ತು, ಕಾಲು ಊತ. ಹೃದಯ ಸೋತರೆ, ಅಂದರೆ ರಕ್ತ ತಳ್ಳುವ ಶಕ್ತಿ ಕುಗ್ಗಿದರೆ, ಹೀಗಾಗಬಹುದು. ಅಂಥವರಿಗೆ ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ತಲೆ ಎತ್ತರಕ್ಕಿಟ್ಟರೆ ಆರಾಮ. ಅದಕ್ಕೇ ನಾವು ಕಲಿಸುವ ಪ್ರಶ್ನೆ: ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ? ಅವನು ಮರೆಯದೆ ಕೇಳಿದ್ದ. ಅಜ್ಜಿ 'ಒಂದೇ ಕಣಪ್ಪ' ಅಂದಿದ್ದರು. ಮಲಗಿದಾಗ ಉಸಿರಿನ ತೊಂದರೆ ಇಲ್ಲ ಅಂತ ಬರೆದುಬಿಟ್ಟಿದ್ದ.

ಅವನನ್ನು ಕರೆದುಕೊಂಡು ವಾಪಸ್ ಹೋದೆ. ಸ್ಟೂಲ್ ಎಳೆದು ಕೂತೆ. 'ಊಟ ಆಯ್ತಾ ಅಜ್ಜಿ? ರಾತ್ರಿ ನಿದ್ದೆ ಹೆಂಗೆ?' ಇಷ್ಟು ಕೇಳಿ ಸುಮ್ನೆ ಕೂತೆ. ಅಜ್ಜಿ ಮೊದಲು ಸೊಸೆ ವಿಷಯ ಹೇಳಿದರು. ಆಮೇಲೆ ಹಾಲು ಬತ್ತಿಸಿಕೊಂಡ ಹಸು. ಹುಡುಗ ಗಡಿಯಾರ ನೋಡುತ್ತಿದ್ದ. ನಾನು ಅವನ ಕೈ ಅದುಮಿದೆ, ತಡಿ ಅಂತ. ಕೊನೆಗೆ ಬಂತು ಮಾತು. 'ಮಲಗೋದೆಲ್ಲಿ ಬಂತು ಸ್ವಾಮಿ? ಎರಡು ತಿಂಗಳಿಂದ ರಾಗಿ ಮೂಟೆಗೆ ಒರಗಿಕೊಂಡು ಕೂತೇ ಬೆಳಗು ಮಾಡ್ತೀನಿ.'

ಮನೆಯಲ್ಲಿ ಅವರ ಪಾಲಿಗೆ ಇದ್ದದ್ದೇ ಒಂದು ದಿಂಬು. ದಿಂಬು ಎಷ್ಟು ಅಂದರೆ ಒಂದು ಅಂದರು. ಮೂಟೆ ಬಗ್ಗೆ ಯಾರೂ ಕೇಳಿರಲಿಲ್ಲ.

ಔಷಧಿ ಶುರುವಾಯಿತು. ಕೆಲವು ದಿನ ಕಳೆದ ಮೇಲೆ ಬೆಳಿಗ್ಗೆ ಆ ಹುಡುಗ ಓಡಿ ಬಂದ. 'ಸಾರ್, ಅಜ್ಜಿ ರಾತ್ರಿ ಮಲಗಿದ್ರಂತೆ!' ಅವನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಸೀಟು ಕೊಡುವ ಮುಂಚೆ ಒಂದಾದ ಮೇಲೊಂದು ಪುಟ್ಟ ಸಂದರ್ಶನ ಮಾಡಿ ಮಾತುಕತೆ ನೋಡುತ್ತಾರೆ. ನಮ್ಮಲ್ಲಿ ಆ ಹೊತ್ತಿಗೆ ರ‍್ಯಾಂಕ್ ಬಿಟ್ಟು ಬೇರೇನೂ ನೋಡುವುದಿಲ್ಲ. ಹಾಗಾಗಿ ಎಲ್ಲ ಭಾರ ಎಂಬಿಬಿಎಸ್ ಓದಿನ ಮೇಲೆ. 2019ರಲ್ಲಿ ಪಠ್ಯಕ್ರಮ ಬದಲಾಯಿತು. ರೋಗಿಯ ಜೊತೆ ಮಾತಾಡುವುದೂ ಪಾಠವಾಯಿತು. ಹೊರಗಿನಿಂದ ಬಂದ ಮಕ್ಕಳಿಗೆ ಸ್ಥಳೀಯ ಭಾಷೆ ಕಲಿಸಬೇಕು ಅಂತಾಯಿತು. ಬಹಳ ಸಂತೋಷ. ಆದರೆ ಒಂದು ಮಂಚದ ಸುತ್ತ ಇಪ್ಪತ್ತು ಹುಡುಗರು ನಿಂತರೆ ಯಾರು ಕೇಳಿಸಿಕೊಳ್ಳುತ್ತಾರೆ ಹೇಳಿ? ಒಬ್ಬ ರೋಗಿ, ಒಬ್ಬ ವಿದ್ಯಾರ್ಥಿ, ಒಂದು ಸ್ಟೂಲ್. ದಿನಕ್ಕೆ ಅರ್ಧ ಗಂಟೆ ಇಷ್ಟು ಮಾಡಿ ಅಂತ ನಮ್ಮ ಕಾಲೇಜುಗಳನ್ನು ಕೈಮುಗಿದು ಕೇಳುತ್ತೇನೆ.

ಅಪ್ಪ ಅಮ್ಮಂದಿರೇ, ನೀಟ್ ಮುಗಿದು ಸೀಟು ಸಿಗುವವರೆಗೆ ಮಕ್ಕಳಿಗೆ ಬಿಡುವು ಇರುತ್ತದೆ. ಅಜ್ಜಿ ತಾತನ ಜೊತೆ ಸರ್ಕಾರಿ ಆಸ್ಪತ್ರೆಗೆ ಕಳಿಸಿ. ಚೀಟಿ ಮಾಡಿಸಲಿ, ಬೆಂಚಿನ ಮೇಲೆ ಕಾಯಲಿ. ಮೊಬೈಲ್ ಮನೆಯಲ್ಲೇ ಇರಲಿ. ಪಕ್ಕದಲ್ಲಿ ಕೂತವರು ಮಾತಾಡಿದರೆ ಪೂರ್ತಿ ಕೇಳಲಿ, ಮಧ್ಯೆ ಬಾಯಿ ಹಾಕದೆ.

ನಮಸ್ಕಾರ.