ಅನ್ನ ಬಿಡಬೇಕೆ, ಕ್ಯಾಲೊರಿ ಎಣಿಸಬೇಕೆ?

ಎಲ್ಲರಿಗೂ ನಮಸ್ಕಾರ.

ತೂಕ ಇಳಿಸುವ ಮಾತು ಬಂದರೆ ಈಗ ಎರಡು ಪಕ್ಷ. ಒಂದು ಪಕ್ಷದವರು ಅನ್ನ, ಮುದ್ದೆ, ಚಪಾತಿ ಕಂಡರೆ ತಟ್ಟೆ ಸರಿಸುತ್ತಾರೆ. ಕಾರ್ಬ್, ಅಂದರೆ ಪಿಷ್ಟ, ಸಕ್ಕರೆಯಂಥ ಕಾರ್ಬೊಹೈಡ್ರೇಟ್, ಬಿಟ್ಟರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎನ್ನುತ್ತಾರೆ. ಇನ್ನೊಂದು ಪಕ್ಷದವರು ಏನು ಬೇಕಾದರೂ ತಿನ್ನಿ, ಲೆಕ್ಕ ಮಾತ್ರ ತಪ್ಪಬೇಡಿ ಎನ್ನುತ್ತಾರೆ. ಇಡ್ಲಿ, ಚಟ್ನಿ, ಕಾಫಿ ಎಲ್ಲವನ್ನೂ ಮೊಬೈಲಿನ ಆ್ಯಪ್‌ನಲ್ಲಿ ಬರೆದಿಡುತ್ತಾರೆ. ಜಗಳ ಹೊಸದೇನಲ್ಲ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ ಬ್ರೆಡ್ಡು, ಸಕ್ಕರೆ, ಆಲೂಗೆಡ್ಡೆ ಬಿಟ್ಟು ತೂಕ ಇಳಿಸಿಕೊಂಡೆನೆಂದು ಕಿರುಹೊತ್ತಿಗೆ ಅಚ್ಚು ಹಾಕಿಸಿದ. 1918ರಲ್ಲಿ ಅಮೆರಿಕದ ವೈದ್ಯೆ ಲುಲು ಹಂಟ್ ಪೀಟರ್ಸ್ ಕ್ಯಾಲೊರಿ ಲೆಕ್ಕವನ್ನು ಮನೆಮಾತು ಮಾಡಿದರು.

ನಾನು ಹೇಳಬೇಕೆಂದಿರುವುದು ಇಷ್ಟು: ನಮ್ಮ ತಟ್ಟೆಯ ಮಟ್ಟಿಗೆ ಈ ಎರಡು ಪಕ್ಷಗಳ ನಡುವೆ ಅಂತರ ಬಹಳ ಕಡಿಮೆ. ದಿನಕ್ಕೆ ಪ್ರೊಟೀನ್ ಎಷ್ಟು ಬೇಕು ಎಂದು ಮೊದಲು ಗೊತ್ತುಮಾಡಿಕೊಂಡರೆ ಜಗಳದ ಮುಕ್ಕಾಲು ಪಾಲು ಮುಗಿಯುತ್ತದೆ. ಅದನ್ನು ಗ್ರಾಂ ಲೆಕ್ಕದಲ್ಲೇ ತೋರಿಸುತ್ತೇನೆ.

ಅದಕ್ಕೂ ಮುಂಚೆ ಪ್ರಯೋಗಗಳ ಮಾತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ಅವರ ತಂಡದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅದರಲ್ಲಿ 609 ಜನ. ಒಂದು ಗುಂಪಿಗೆ ಕಾರ್ಬ್ ಕಡಿತ, ಇನ್ನೊಂದಕ್ಕೆ ಕೊಬ್ಬಿನ ಕಡಿತ. ಇಬ್ಬರಿಗೂ ತರಕಾರಿ ಹೆಚ್ಚು, ಸಕ್ಕರೆ ಮೈದಾ ಕಡಿಮೆ. ಕ್ಯಾಲೊರಿ ಮಿತಿಯನ್ನು ಯಾರಿಗೂ ಹಾಕಿರಲಿಲ್ಲ. ಒಂದು ವರ್ಷದ ಕೊನೆಗೆ ಕಾರ್ಬ್ ಬಿಟ್ಟವರು ಸರಾಸರಿ 6 ಕಿಲೊ, ಕೊಬ್ಬು ಬಿಟ್ಟವರು 5.3 ಕಿಲೊ ಇಳಿದಿದ್ದರು. ಸಂಖ್ಯಾಶಾಸ್ತ್ರ ಇದನ್ನು ವ್ಯತ್ಯಾಸ ಎಂದು ಒಪ್ಪುವುದಿಲ್ಲ. ಯಾರಿಗೆ ಯಾವುದು ಹೊಂದುತ್ತದೆ ಎಂದು ಜೀನ್ ನೋಡಿ, ಇನ್ಸುಲಿನ್ ನೋಡಿ ಮುಂಚಿತವಾಗಿ ಹೇಳಲೂ ಆಗಲಿಲ್ಲ. ಜೀನ್ ಪರೀಕ್ಷೆ ಮಾಡಿಸಿ, ನಿಮಗೊಪ್ಪುವ ಡಯಟ್ ಹೇಳುತ್ತೇವೆ ಎಂಬ ಜಾಹೀರಾತು ಕಂಡಾಗ ಈ ಫಲಿತಾಂಶ ನೆನಪಿರಲಿ.

ಕಾರ್ಬ್ ತಿಂದರೆ ಇನ್ಸುಲಿನ್ ಏರುತ್ತದೆ, ಇನ್ಸುಲಿನ್ ಏರಿದರೆ ಕೊಬ್ಬು ಕೂಡುತ್ತದೆ, ಹಸಿವೂ ಹೆಚ್ಚುತ್ತದೆ ಎಂಬುದು ಮೊದಲ ಪಕ್ಷದ ಮುಖ್ಯ ವಾದ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಇದನ್ನು ಪರೀಕ್ಷೆಗೆ ಒಡ್ಡಿದರು. 20 ಜನರನ್ನು ನಾಲ್ಕು ವಾರ ಅಲ್ಲೇ ಉಳಿಸಿಕೊಂಡು, ಎರಡು ವಾರ ಶೇ 10ರಷ್ಟು ಕಾರ್ಬ್ ಇರುವ ಊಟ, ಎರಡು ವಾರ ಶೇ 75ರಷ್ಟು ಕಾರ್ಬ್ ಇರುವ ಸಸ್ಯಾಹಾರ ಕೊಟ್ಟರು. ಹೊಟ್ಟೆ ತುಂಬುವಷ್ಟು ತಿನ್ನಿ ಎಂದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕಾರ್ಬ್ ಹೆಚ್ಚಿದ್ದ ಊಟದಲ್ಲೇ ಜನ ದಿನಕ್ಕೆ 689 ಕ್ಯಾಲೊರಿ ಕಡಿಮೆ ತಿಂದಿದ್ದರು. ಆದರೆ ಅಲ್ಲಿ ಕಾರ್ಬ್ ಬಂದದ್ದು ಕಾಳು, ತರಕಾರಿ, ಗೆಡ್ಡೆಗಳಿಂದ. ಬೇಕರಿ ಬನ್ನಿಗೆ ಅದರಿಂದ ಕ್ಷಮೆ ಸಿಗುವುದಿಲ್ಲ. ಇದೇ ತಂಡ 2019ರಲ್ಲಿ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ ಕೊಟ್ಟಾಗ ಜನ ದಿನಕ್ಕೆ 508 ಕ್ಯಾಲೊರಿ ಹೆಚ್ಚು ತಿಂದು, ಎರಡೇ ವಾರದಲ್ಲಿ ಸುಮಾರು 0.9 ಕಿಲೊ ಏರಿದ್ದರು.

ಹಾಗಾದರೆ ಅನ್ನ ಬಿಟ್ಟ ಮೊದಲ ವಾರದಲ್ಲೇ ಎರಡು ಕಿಲೊ ಇಳಿಯುವುದು ಹೇಗೆ? ಅದು ನೀರು. ನಮ್ಮ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೊಜೆನ್, ಅಂದರೆ ದೇಹ ಕೂಡಿಟ್ಟ ಕಾರ್ಬ್, ಇರುತ್ತದೆ. ಒಂದು ಗ್ರಾಂ ಗ್ಲೈಕೊಜೆನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟಿರುತ್ತದೆ. ಕಾರ್ಬ್ ನಿಲ್ಲಿಸಿದಾಗ ಈ ದಾಸ್ತಾನು ಕರಗಿ, ನೀರು ಮೂತ್ರದಲ್ಲಿ ಹೋಗುತ್ತದೆ. ಭಾನುವಾರ ಮದುವೆಮನೆಯಲ್ಲಿ ಚಿರೋಟಿ, ಬಿಸಿಬೇಳೆಬಾತ್ ಉಂಡು ಬಂದರೆ ಸೋಮವಾರ ಒಂದೂವರೆ ಕಿಲೊ ವಾಪಸ್. ಅದೂ ಬಹುಪಾಲು ನೀರೇ. ಒಂದು ಕಿಲೊ ಕೊಬ್ಬು ಕೂಡಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚಾಗಬೇಕು. ಒಂದು ಮದುವೆ ಊಟದಲ್ಲಿ ಅಷ್ಟು ತಿನ್ನಲು ಯಾರಿಂದಲೂ ಆಗದು. ಇದು ಗೊತ್ತಿಲ್ಲದೆ ಸೋಮವಾರ ತಕ್ಕಡಿ ನೋಡಿ ಡಯಟ್ಟನ್ನೇ ಕೈಬಿಟ್ಟವರು ಬಹಳ.

ಈಗ ನಮ್ಮ ತಟ್ಟೆಗೆ ಬರೋಣ. ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಸಕ್ಕರೆ ಕಾಯಿಲೆ ಸಮೀಕ್ಷೆಯ ಪ್ರಕಾರ ಭಾರತೀಯರ ಆಹಾರದ ಶಕ್ತಿಯಲ್ಲಿ ಸುಮಾರು ಶೇ 62 ಕಾರ್ಬ್‌ನಿಂದ ಬರುತ್ತದೆ. ಪ್ರೊಟೀನ್ ತೀರಾ ಕಡಿಮೆ. ಇಲ್ಲಿ ಒಂದು ಭ್ರಮೆಯನ್ನು ಮೊದಲೇ ತೆಗೆದುಬಿಡಬೇಕು: ಅನ್ನ ಬಿಟ್ಟು ರಾಗಿ ಹಿಡಿದರೆ ಕಾರ್ಬ್ ಬಿಟ್ಟಂತೆ ಎಂಬುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ 100 ಗ್ರಾಂ ಅಕ್ಕಿಗೆ 356 ಕ್ಯಾಲೊರಿ, 78 ಗ್ರಾಂ ಕಾರ್ಬ್. 100 ಗ್ರಾಂ ರಾಗಿಗೆ 321 ಕ್ಯಾಲೊರಿ, 67 ಗ್ರಾಂ ಕಾರ್ಬ್. 80 ಗ್ರಾಂ ಹಿಟ್ಟಿನ ಮುದ್ದೆಗೆ 257 ಕ್ಯಾಲೊರಿ, ಅಷ್ಟೇ ಅಕ್ಕಿಯ ಅನ್ನಕ್ಕೆ 285. ಉಳಿದದ್ದು 28 ಕ್ಯಾಲೊರಿ, ಮುಕ್ಕಾಲು ಟೀ ಚಮಚ ಎಣ್ಣೆಯಷ್ಟೂ ಇಲ್ಲ. ರಾಗಿಯ ಲಾಭ ಬೇರೆ ಕಡೆ ಇದೆ: 11 ಗ್ರಾಂ ನಾರು, 364 ಮಿಲಿಗ್ರಾಂ ಕ್ಯಾಲ್ಸಿಯಂ. ಹೊಟ್ಟೆ ಬೇಗ ತುಂಬುತ್ತದೆ. ಅದಕ್ಕಾಗಿ ತಿನ್ನಿ.

ಕೀಟೋ ಎಂದು ಕರೆಯುವ ಕಟ್ಟುನಿಟ್ಟಿನ ಪದ್ಧತಿಯಲ್ಲಿ ದಿನಕ್ಕೆ ಕಾರ್ಬ್ 20ರಿಂದ 50 ಗ್ರಾಂ. ಇಪ್ಪತ್ತು ಗ್ರಾಂ ಎಂದರೆ 30 ಗ್ರಾಂ ರಾಗಿಹಿಟ್ಟು, ಮಗುವಿಗೆ ಉಣ್ಣಿಸುವ ಮುದ್ದೆ. ಅಲ್ಲಿಗೆ ದಿನದ ಕೋಟಾ ಮುಗಿಯಿತು. ಸಸ್ಯಾಹಾರಿಗಳಿಗೆ ಕಷ್ಟ ಇಲ್ಲೇ ಶುರು. 50 ಗ್ರಾಂ ತೊಗರಿಬೇಳೆಯಲ್ಲಿ 11 ಗ್ರಾಂ ಪ್ರೊಟೀನ್ ಇದೆ, ಜೊತೆಗೆ 27 ಗ್ರಾಂ ಕಾರ್ಬ್ ಕೂಡ. ಹುರುಳಿ, ಅಲಸಂದೆ, ಕಡಲೆ ಎಲ್ಲದರದ್ದೂ ಹೆಚ್ಚುಕಡಿಮೆ ಇದೇ ಕಥೆ. ಅಂದರೆ ಕಾರ್ಬ್ ಬಿಡಲು ಹೋದವರು ಅನ್ನದ ಜೊತೆ ಬೇಳೆಯನ್ನೂ ಬಿಡಬೇಕು; ಆಗ ಉಳಿಯುವುದು ಪನೀರು, ತುಪ್ಪ, ಬೀಜಗಳು. ಸಂಜೆ ಟಿವಿ ಮುಂದೆ ಕೂತು ಒಂದು ಹಿಡಿ, ಇನ್ನೊಂದು ಹಿಡಿ ಎಂದು 100 ಗ್ರಾಂ ಕಡಲೆಕಾಯಿ ಬೀಜ ತಿಂದರೆ 520 ಕ್ಯಾಲೊರಿ. ಬಿಟ್ಟ ಅನ್ನಕ್ಕಿಂತ ಅದೇ ಹೆಚ್ಚು. ಮೂರನೇ ವಾರಕ್ಕೆ ತೂಕ ನಿಂತುಹೋಯಿತು ಎಂದು ದೂರು ಬರುವುದು ಇದರಿಂದ. ಕೋಳಿ, ಮೀನು, ಮೊಟ್ಟೆ ತಿನ್ನುವವರಿಗೆ ಈ ದಾರಿ ಅಷ್ಟು ಕಠಿಣವಲ್ಲ. 100 ಗ್ರಾಂ ಕೋಳಿಯ ಎದೆಮಾಂಸದಲ್ಲಿ ಸುಮಾರು 22 ಗ್ರಾಂ ಪ್ರೊಟೀನ್, ಕಾರ್ಬ್ ಸೊನ್ನೆ.

ಕೀಟೋ ಶುರು ಮಾಡಿದ ಮೊದಲ ವಾರ ತಲೆನೋವು, ಸುಸ್ತು, ಎದ್ದಾಗ ತಲೆ ತಿರುಗುವುದು ಇದ್ದರೆ ಕಾರಣ ಬಹುತೇಕ ಉಪ್ಪು. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಸೋಡಿಯಂ ಅನ್ನು ಹೊರಹಾಕುತ್ತದೆ. ಮಲಬದ್ಧತೆ ಸಾಮಾನ್ಯ. ಕೆಲವರಿಗೆ ಎಲ್‌ಡಿಎಲ್, ಅಂದರೆ ಕೆಟ್ಟದ್ದು ಎನ್ನುವ ಕೊಲೆಸ್ಟರಾಲ್, ಜೋರಾಗಿ ಏರುತ್ತದೆ; ಆರಂಭಿಸುವ ಮುಂಚೆ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ ರಕ್ತಪರೀಕ್ಷೆ ಮಾಡಿಸಬೇಕು.

ಎರಡನೇ ಪಕ್ಷದ ತಪ್ಪುಗಳು ಬೇರೆ ಥರ. ಅವರ ಸಿದ್ಧಾಂತ ಸರಿ, ಅಳತೆ ತಪ್ಪು. 1992ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರು ತಾವು ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ ಬರೆದಿದ್ದರು. ಸುಳ್ಳು ಹೇಳಬೇಕೆಂದು ಅಲ್ಲ. ಕಣ್ಣಳತೆ ಎಂದರೆ ಹಾಗೇ. ನಮ್ಮ ಅಡುಗೆಮನೆಯಲ್ಲಿ ಅದು ಇನ್ನೂ ಸುಲಭ. ಆ್ಯಪ್‌ನಲ್ಲಿ 'ಸಾಂಬಾರ್, ಒಂದು ಬಟ್ಟಲು' ಎಂದು ಇರುತ್ತದೆ. ಯಾರ ಮನೆಯ ಸಾಂಬಾರು, ಯಾವ ಬಟ್ಟಲು?

ಸರಿಯಾಗಿ ಅಳೆಯುವುದು ಹೀಗೆ. ಒಂದು ಅಡುಗೆ ತಕ್ಕಡಿ ತೆಗೆದುಕೊಳ್ಳಿ. ಖಾಲಿ ಪಾತ್ರೆಯ ತೂಕವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಹಾಕುವ ಮುಂಚೆ ಹಸಿ ಪದಾರ್ಥ ತೂಗಿ: ತೊಗರಿಬೇಳೆ 100 ಗ್ರಾಂ, 330 ಕ್ಯಾಲೊರಿ, ಒಗ್ಗರಣೆ ಎಣ್ಣೆ 15 ಗ್ರಾಂ, 135, ತೆಂಗಿನತುರಿ 30 ಗ್ರಾಂ, 120, ತರಕಾರಿ 300 ಗ್ರಾಂ, ಸುಮಾರು 90. ಒಟ್ಟು 675. ಸಾಂಬಾರು ಇಳಿಸಿದ ಮೇಲೆ ಪಾತ್ರೆ ಸಮೇತ ತೂಗಿ, ಪಾತ್ರೆಯ ತೂಕ ಕಳೆಯಿರಿ. 1,500 ಗ್ರಾಂ ಬಂತು ಎಂದುಕೊಳ್ಳಿ. ನೀವು 200 ಗ್ರಾಂ ಬಡಿಸಿಕೊಂಡರೆ ನಿಮ್ಮ ಪಾಲು 90 ಕ್ಯಾಲೊರಿ. ಪ್ರೊಟೀನ್ ಮೂರು ಗ್ರಾಂ ಚಿಲ್ಲರೆ. ಎರಡು ಸಂಗತಿ ಇಲ್ಲೇ ತಿಳಿಯುತ್ತವೆ: ಸಾಂಬಾರಿನಿಂದ ಯಾರೂ ದಪ್ಪ ಆಗುವುದಿಲ್ಲ, ಸಾಂಬಾರಿನಿಂದ ಯಾರಿಗೂ ಪ್ರೊಟೀನ್ ಸಾಲುವುದೂ ಇಲ್ಲ. ಈಗ ಪಕ್ಕದ ಚಟ್ನಿ ನೋಡಿ. 50 ಗ್ರಾಂ ಕಾಯಿ, ಒಂದಿಷ್ಟು ಹುರಿಗಡಲೆ, ಒಂದು ಚಮಚ ಎಣ್ಣೆಯ ಒಗ್ಗರಣೆ, ಎಲ್ಲ ಸೇರಿ 300 ದಾಟುತ್ತದೆ. ಅದರಲ್ಲಿ ಅರ್ಧ ನೀವೇ ತಿಂದರೆ ಜೊತೆಗಿನ ಎರಡು ಇಡ್ಲಿಗಿಂತ ಚಟ್ನಿಯದ್ದೇ ಹೆಚ್ಚು.

ಅನ್ನವನ್ನು ಬೆಂದ ಮೇಲೆ ತೂಗಿ, ಅಕ್ಕಿಯ ಅಂಕಿ ಹಾಕುವುದು ಇನ್ನೊಂದು ತಪ್ಪು. 100 ಗ್ರಾಂ ಅಕ್ಕಿ ಬೆಂದರೆ ಸುಮಾರು 280-300 ಗ್ರಾಂ ಅನ್ನ. ಅಂದರೆ 100 ಗ್ರಾಂ ಅನ್ನಕ್ಕೆ 120-130 ಕ್ಯಾಲೊರಿ. ಮನೆಯವರಿಗೆಲ್ಲ ಒಟ್ಟಿಗೆ ಅಡುಗೆ ಮಾಡುವಾಗ ತಕ್ಕಡಿ ಹಿಡಿಯಲು ಪುರುಸೊತ್ತಿಲ್ಲದಿದ್ದರೆ ಎಣ್ಣೆಯನ್ನಾದರೂ ತಿಂಗಳ ಲೆಕ್ಕದಲ್ಲಿ ನೋಡಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಬೇಕಾದರೆ ತಲಾ ದಿನಕ್ಕೆ ಸುಮಾರು 38 ಗ್ರಾಂ, 340 ಕ್ಯಾಲೊರಿ. ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ 2,000 ಕ್ಯಾಲೊರಿಯ ತಟ್ಟೆಗೆ ಹೇಳಿರುವುದು 27 ಗ್ರಾಂ. ಎಣ್ಣೆ ಮೂರೂವರೆ ಲೀಟರಿಗೆ ಇಳಿದರೆ ತಲಾ ನೂರು ಕ್ಯಾಲೊರಿ ಉಳಿಯಿತು, ಅನ್ನದ ಒಂದಗುಳನ್ನೂ ಮುಟ್ಟದೆ.

ವಾರಾಂತ್ಯದ ಲೆಕ್ಕ ಇನ್ನೂ ಕ್ರೂರ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 450 ಕಡಿಮೆ, ಒಟ್ಟು 2,250 ಉಳಿತಾಯ. ಶನಿವಾರ, ಭಾನುವಾರ ಹೋಟೆಲ್, ನೆಂಟರು ಎಂದು ದಿನಕ್ಕೆ ಸಾವಿರ ಹೆಚ್ಚು. ಉಳಿದದ್ದು 250. ಐದು ದಿನ ಕಷ್ಟಪಟ್ಟವರಿಗೆ ಅನ್ಯಾಯ ಎನ್ನಿಸುವುದು ಸಹಜ. ನಡಿಗೆಯಿಂದ ಸರಿದೂಗಿಸುತ್ತೇನೆ ಎನ್ನುವವರಿಗೆ: 70 ಕಿಲೊ ತೂಕದವರು ಐದು ಕಿಲೊಮೀಟರ್ ನಡೆದರೆ ಖರ್ಚಾಗುವುದು 200-250.

ಈಗ ಒಂದು ತಟ್ಟೆ ಕಟ್ಟೋಣ. 42 ವರ್ಷದ ಮಹಿಳೆ, ಎತ್ತರ 157 ಸೆಂ.ಮೀ., ತೂಕ 72 ಕಿಲೊ, ಕೂತು ಮಾಡುವ ಕೆಲಸ ಎಂದುಕೊಳ್ಳಿ. ದೇಹ ಸುಮ್ಮನಿದ್ದರೂ ದಿನಕ್ಕೆ ಖರ್ಚಾಗುವ ಕ್ಯಾಲೊರಿಯನ್ನು ಅಂದಾಜಿಸುವ ಮಿಫ್ಲಿನ್ ಸೂತ್ರದಲ್ಲಿ ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿ, ವಯಸ್ಸಿನ ಐದರಷ್ಟನ್ನೂ 161ನ್ನೂ ಕಳೆಯಬೇಕು. ಗಂಡಸರಾದರೆ 161 ಕಳೆಯುವ ಬದಲು 5 ಕೂಡಬೇಕು. ಇವರಿಗೆ 1,330 ಬರುತ್ತದೆ. ಕೂತು ಕೆಲಸ ಮಾಡುವವರ ಓಡಾಟವನ್ನೂ ಸೇರಿಸಲು ಅದನ್ನು 1.4ರಿಂದ ಗುಣಿಸಿದರೆ ದಿನದ ಖರ್ಚು ಸುಮಾರು 1,850. ಗುರಿ 1,400 ಇಡೋಣ. ಪ್ರೊಟೀನ್ 65 ಗ್ರಾಮಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಹಸಿವೂ ಬಿಡುವುದಿಲ್ಲ.

ಬೆಳಿಗ್ಗೆ 50 ಗ್ರಾಂ ಹೆಸರುಬೇಳೆಯ ದೋಸೆ, ಒಂದು ಟೀ ಚಮಚ ಎಣ್ಣೆ. ಮಧ್ಯಾಹ್ನ 60 ಗ್ರಾಂ ಹಿಟ್ಟಿನ ಮುದ್ದೆ, 50 ಗ್ರಾಂ ಒಣಕಾಳಿನ ಗಟ್ಟಿ ಸಾರು, 200 ಗ್ರಾಂ ತರಕಾರಿ ಪಲ್ಯ, ಎರಡಕ್ಕೂ ಸೇರಿ ಎರಡು ಚಮಚ ಎಣ್ಣೆ. ಸಂಜೆ 200 ಗ್ರಾಂ ಮೊಸರು, ತೂಗಿ ಇಟ್ಟ 20 ಗ್ರಾಂ ಕಡಲೆಕಾಯಿ ಬೀಜ. ರಾತ್ರಿ 40 ಗ್ರಾಂ ಅಕ್ಕಿಯ ಅನ್ನ, 30 ಗ್ರಾಂ ಸೋಯಾ ಚಂಕ್ಸ್ ಹಾಕಿದ ತರಕಾರಿ ಗೊಜ್ಜು, ಒಂದೂವರೆ ಚಮಚ ಎಣ್ಣೆ. ಕಾಫಿಗೆ ದಿನಕ್ಕೆ 200 ಮಿ.ಲೀ. ಹಾಲು, ಸಕ್ಕರೆ ಇಲ್ಲ. ಕೂಡಿದರೆ ಸುಮಾರು 1,410 ಕ್ಯಾಲೊರಿ, 66 ಗ್ರಾಂ ಪ್ರೊಟೀನ್. ಮೊಟ್ಟೆ ತಿನ್ನುವವರು ಸೋಯಾ ಬದಲು ಎರಡು ಮೊಟ್ಟೆ ಹಾಕಿಕೊಳ್ಳಬಹುದು. ಪ್ರೊಟೀನ್ ಮೂರ್ನಾಲ್ಕು ಗ್ರಾಂ ಕಡಿಮೆಯಾಗುತ್ತದೆ, ಅದನ್ನು ಮೊಸರಿನಲ್ಲಿ ತುಂಬಿಕೊಳ್ಳಿ.

ಈ ತಟ್ಟೆಯಲ್ಲಿ ಕಾರ್ಬ್ ಎಷ್ಟು? ಸುಮಾರು 175 ಗ್ರಾಂ, ಒಟ್ಟು ಶಕ್ತಿಯ ಶೇ 50. ಹಿಂದೆ 1,850 ಕ್ಯಾಲೊರಿಯಲ್ಲಿ ಶೇ 62 ತಿನ್ನುತ್ತಿದ್ದರೆ 285 ಗ್ರಾಂ ಇರುತ್ತಿತ್ತು. ನಾವು ಎಣಿಸಿದ್ದು ಕ್ಯಾಲೊರಿ ಮತ್ತು ಪ್ರೊಟೀನ್. ನೂರು ಗ್ರಾಮಿಗೂ ಮೀರಿ ಕಾರ್ಬ್ ಕೇಳದೆಯೇ ಇಳಿಯಿತು. ಇಂಡಿಯಾಬ್ ತಂಡ 18,090 ಜನರ ಆಹಾರದ ಮಾಹಿತಿ ಇಟ್ಟುಕೊಂಡು 2022ರಲ್ಲಿ, ಹೊಸದಾಗಿ ಸಕ್ಕರೆ ಕಾಯಿಲೆ ಬಂದವರು ಅದರಿಂದ ಹೊರಬರಲು ಕಾರ್ಬ್ ಶೇ 49-54ಕ್ಕೆ ಇಳಿಯಬೇಕು, ಪ್ರೊಟೀನ್ ಶೇ 19-20 ಆಗಬೇಕು ಎಂದು ಅಂದಾಜಿಸಿತ್ತು. ನಮ್ಮ ತಟ್ಟೆ ಕಾರ್ಬ್‌ನಲ್ಲಿ ಅಲ್ಲಿಗೇ ಬಂದು ನಿಂತಿದೆ. ಬೇಳೆ ಬಿಡಬೇಕಾಗಲಿಲ್ಲ.

ಎರಡು ವಾರ ಹೀಗೆ ತೂಗಿ ತಿನ್ನಿ, ಸಾಕು. ಆಮೇಲೆ ಕೈಗೆ ಅಳತೆ ಬಂದಿರುತ್ತದೆ; ಎಣ್ಣೆ, ಕಾಯಿ, ಬೀಜ ಈ ಮೂರನ್ನು ಮಾತ್ರ ಅಳೆಯುತ್ತಾ ಉಳಿದದ್ದನ್ನು ಕಣ್ಣಿಗೆ ಬಿಡಬಹುದು. ತೂಕವನ್ನು ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯುವ ಮುಂಚೆ ನೋಡಿ, ವಾರದ ಸರಾಸರಿ ತೆಗೆಯಿರಿ. ಮೂರು ವಾರ ಸರಾಸರಿ ಅಲುಗದಿದ್ದರೆ ಅನ್ನಕ್ಕೆ ಕೈಹಾಕುವ ಮುಂಚೆ ಮತ್ತೆ ಒಂದು ವಾರ ತಕ್ಕಡಿ ಇಳಿಸಿ. ಹೆಚ್ಚಿನವರಿಗೆ ಎಣ್ಣೆ ಚಮಚ ದೊಡ್ಡದಾಗಿರುತ್ತದೆ.

ಕೊನೆಗೆ ಮಾತ್ರೆ ತಿನ್ನುವವರಿಗೆ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದು ಕಾರ್ಬ್ ಅರ್ಧಕ್ಕೆ ಇಳಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡೋಸ್ ಮುಂಚೆಯೇ ಕಡಿಮೆ ಮಾಡಿಸಬೇಕು. ಅದೇ ಕಾಯಿಲೆಗೆ ಕೊಡುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರು ಕೀಟೋ ಮಾಡಲೇಬಾರದು. ಸಕ್ಕರೆ ಹೆಚ್ಚು ಏರದೆಯೇ ರಕ್ತ ಆಮ್ಲೀಯವಾಗುವ ಅಪಾಯ ಅಲ್ಲಿದೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದಾಗ ಸಕ್ಕರೆ ನಾರ್ಮಲ್ ಇದೆ ಎಂದು ಮನೆಯಲ್ಲೇ ಕೂತರೆ ಪ್ರಾಣಕ್ಕೆ ಕುತ್ತು. ಬಿಪಿ ಮಾತ್ರೆಯವರಿಗೂ ತೂಕ ಇಳಿದಂತೆ ಡೋಸ್ ಬದಲಾಗಬೇಕಾಗಬಹುದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮೂತ್ರಪಿಂಡದ ತೊಂದರೆ ಇರುವವರು ಇವತ್ತಿನ ಅಂಕಿಗಳನ್ನು ತಮಗೆ ಅನ್ವಯಿಸಿಕೊಳ್ಳಬೇಡಿ. ಪ್ರಶ್ನೆ ಕೇಳುವವರು ಈಗ ಕೇಳಬಹುದು. ಔಷಧಿ ಚೀಟಿ ಜೊತೆಗಿದ್ದರೆ ಮಾತ್ರೆಯ ಹೆಸರು ನೋಡಿಕೊಂಡೇ ಕೇಳಿ.